ಮರಿ ಪ್ರೊಸೆಸ್ ಮುಗಿಯುವ ತನಕ ತಾಯಿ ಪ್ರೊಸೆಸ್ ಕಾಯುವ ಬಗೆ: ಸಿ ಭಾಷೆಯಲ್ಲಿ ವೇಟ್ ಮತ್ತು ವೇಟ್‌ಪಿಡ್

ಯುನಿಕ್ಸ್ ಅಥವಾ ಲಿನಕ್ಸ್ ಕಂಪ್ಯೂಟರಿನಲ್ಲಿ ಓಡುತ್ತಿರುವ ಒಂದು ಪ್ರೋಗ್ರಾಮ್ ತನ್ನಂತೆಯೇ ಇನ್ನೊಂದನ್ನು ಹುಟ್ಟುಹಾಕಬಲ್ಲದು. ಹುಟ್ಟಿಸಿದ್ದನ್ನು ಪೇರೆಂಟ್ ಪ್ರೊಸೆಸ್ ಎಂದೂ, ಹುಟ್ಟಿದ್ದನ್ನು ಚೈಲ್ಡ್ ಪ್ರೊಸೆಸ್ ಎಂದೂ ಕರೆಯುವುದು ರೂಢಿ. ಕನ್ನಡದಲ್ಲಿ ಇವನ್ನು ತಾಯಿ ಪ್ರೊಸೆಸ್, ಮರಿ ಪ್ರೊಸೆಸ್ ಎನ್ನಬಹುದು. ಮರಿ ತನ್ನ ಕೆಲಸ ಮುಗಿಸುವವರೆಗೆ ತಾಯಿ ಕಾಯಬೇಕು. ಮುಗಿದ ಮೇಲೆ ಅದರ ಫಲಿತಾಂಶವನ್ನು ಪಡೆದುಕೊಂಡು ಲೆಕ್ಕ ಮುಗಿಸಬೇಕು. ಇದಕ್ಕಾಗಿ ಸಿ ಭಾಷೆಯಲ್ಲಿ ಬಳಸುವ ಎರಡು ಮುಖ್ಯ ಕರೆಗಳೇ ವೇಟ್ ಮತ್ತು ವೇಟ್‌ಪಿಡ್.

ಈ ವಿಷಯ ರಾಜ್ಯದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಹೊಸತಲ್ಲ. 1998ರಲ್ಲಿ ಸ್ಥಾಪನೆಗೊಂಡು ಬೆಳಗಾವಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2010ರ ಸ್ಕೀಮ್‌ನಲ್ಲಿ ಆರನೇ ಸೆಮಿಸ್ಟರಿನ ಯುನಿಕ್ಸ್ ಸಿಸ್ಟಮ್ ಪ್ರೋಗ್ರಾಮಿಂಗ್ ಪ್ರಯೋಗಾಲಯಕ್ಕೆ ನಿಗದಿಯಾಗಿದ್ದ ಪ್ರಯೋಗಗಳಲ್ಲಿ ಎರಡು ಇದೇ ವಿಷಯಕ್ಕೆ ಸಂಬಂಧಿಸಿದ್ದವು. ಮೊದಲನೆಯದು, ಜೋಂಬಿ ಪ್ರೊಸೆಸ್ ಒಂದನ್ನು ಸೃಷ್ಟಿಸಿ ಪಿಎಸ್ ಆದೇಶದ ಮೂಲಕ ಅದು ಜೋಂಬಿಯೇ ಎಂದು ಖಚಿತಪಡಿಸಿಕೊಳ್ಳುವುದು. ಎರಡನೆಯದು, ಎರಡು ಬಾರಿ ಫೋರ್ಕ್ ಮಾಡಿ ಜೋಂಬಿ ಉಂಟಾಗದಂತೆ ತಡೆಯುವುದು. 2022ರ ಸ್ಕೀಮ್‌ನಲ್ಲಿ ಮೂರನೇ ಸೆಮಿಸ್ಟರಿನ ಆಪರೇಟಿಂಗ್ ಸಿಸ್ಟಮ್ಸ್ ವಿಷಯದ ಮೊದಲ ಪ್ರಯೋಗವೇ ಫೋರ್ಕ್, ಎಕ್ಸೆಕ್, ವೇಟ್ ಕರೆಗಳ ಬಳಕೆ. ದೊಡ್ಡಬಳ್ಳಾಪುರದ ಆರ್.ಎಲ್. ಜಾಲಪ್ಪ ತಾಂತ್ರಿಕ ವಿದ್ಯಾಲಯದಂತಹ ವಿಟಿಯು ಅಧೀನದ ಕಾಲೇಜುಗಳಲ್ಲಿ ಕಂಪ್ಯೂಟರ್ ವಿಜ್ಞಾನ ಓದುವವರು ಆಪರೇಟಿಂಗ್ ಸಿಸ್ಟಮ್‌ನ ಒಳಹೊರಗನ್ನು ಕೈಯಾರೆ ತಿಳಿಯುವುದು ಹೆಚ್ಚಾಗಿ ಇಂಥ ಪ್ರಯೋಗಗಳಿಂದಲೇ.

ಆದರೆ ಇದು ಪರೀಕ್ಷೆಯ ಅಂಕಗಳಿಗೆ ಮಾತ್ರ ಸೀಮಿತವಾದ ವಿಷಯವಲ್ಲ. ತಾಯಿ ಪ್ರೊಸೆಸ್ ಕಾಯುವುದನ್ನು ಮರೆತರೆ ದಿನಗಟ್ಟಲೆ ಓಡಬೇಕಾದ ಸರ್ವರ್ ಒಂದು ಹಂತದಲ್ಲಿ ಹೊಸ ಕೆಲಸವನ್ನೇ ಸ್ವೀಕರಿಸದೆ ನಿಂತುಬಿಡುತ್ತದೆ. ಟಿಕೆಟ್ ಕಾಯ್ದಿರಿಸುವಿಕೆಯಿಂದ ಬ್ಯಾಂಕ್ ವ್ಯವಹಾರದವರೆಗೆ ಅನೇಕ ಸೇವೆಗಳು ಲಿನಕ್ಸ್ ಸರ್ವರುಗಳ ಮೇಲೆ ನಡೆಯುವ ಈ ಕಾಲದಲ್ಲಿ, ಕಾಯುವುದೂ ಒಂದು ಜವಾಬ್ದಾರಿಯ ಕೆಲಸ.

ಫೋರ್ಕ್: ಒಂದು ಕರೆ, ಎರಡು ಉತ್ತರ

ಡಿಸ್ಕಿನಲ್ಲಿರುವ ಫೈಲು ಪ್ರೋಗ್ರಾಮ್. ಅದು ಮೆಮೊರಿಗೆ ಬಂದು ಓಡತೊಡಗಿದಾಗ ಪ್ರೊಸೆಸ್ ಎನಿಸುತ್ತದೆ. ಪ್ರತಿ ಪ್ರೊಸೆಸಿಗೂ ಪಿಐಡಿ ಎಂಬ ಗುರುತಿನ ಸಂಖ್ಯೆ ಇರುತ್ತದೆ. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಎಲ್ಲ ಪ್ರೊಸೆಸುಗಳ ವಿವರವನ್ನು ಪ್ರೊಸೆಸ್ ಟೇಬಲ್ ಎಂಬ ಪಟ್ಟಿಯಲ್ಲಿ ಇಟ್ಟುಕೊಂಡಿರುತ್ತದೆ.

ಹೊಸ ಪ್ರೊಸೆಸನ್ನು ಹುಟ್ಟಿಸುವ ಕರೆ ಫೋರ್ಕ್. ಇದರ ಸ್ವಭಾವ ಮೊದಲ ಬಾರಿ ಓದುವವರಿಗೆ ವಿಚಿತ್ರವಾಗಿ ತೋರುತ್ತದೆ. ಒಂದು ಬಾರಿ ಕರೆದರೆ ಅದು ಎರಡು ಕಡೆ ಹಿಂದಿರುಗುತ್ತದೆ. ತಾಯಿಯಲ್ಲಿ ಅದು ಮರಿಯ ಪಿಐಡಿಯನ್ನು ಕೊಡುತ್ತದೆ; ಮರಿಯಲ್ಲಿ ಸೊನ್ನೆಯನ್ನು ಕೊಡುತ್ತದೆ. ಫೋರ್ಕ್ ವಿಫಲವಾದರೆ ಮರಿ ಹುಟ್ಟುವುದೇ ಇಲ್ಲ, ತಾಯಿಗೆ -1 ದೊರೆಯುತ್ತದೆ. ಈ ಸಂಖ್ಯೆಯನ್ನು ನೋಡಿಯೇ ಪ್ರೋಗ್ರಾಮು ತಾನು ತಾಯಿಯೋ ಮರಿಯೋ ಎಂಬುದನ್ನು ನಿರ್ಧರಿಸಿಕೊಳ್ಳುತ್ತದೆ.

ಹುಟ್ಟಿದ ಕ್ಷಣದಲ್ಲಿ ಮರಿಯು ತಾಯಿಯ ಪ್ರತಿಯೇ ಆಗಿರುತ್ತದೆ. ಆದರೆ ಆ ಕ್ಷಣದಿಂದ ಎರಡರ ಮೆಮೊರಿ ಬೇರೆ ಬೇರೆ. ಮರಿಯು ಒಂದು ವೇರಿಯಬಲ್‌ನ ಬೆಲೆಯನ್ನು ಬದಲಿಸಿದರೆ ತಾಯಿಯಲ್ಲಿ ಅದು ಬದಲಾಗುವುದಿಲ್ಲ. ಇಡೀ ಮೆಮೊರಿಯನ್ನು ತಕ್ಷಣ ನಕಲು ಮಾಡುವುದು ದುಬಾರಿಯಾದ್ದರಿಂದ ಲಿನಕ್ಸ್ ಪುಟಗಳನ್ನು ಮೊದಲು ಇಬ್ಬರಿಗೂ ಹಂಚಿರುತ್ತದೆ. ಯಾರಾದರೂ ಬರೆಯಲು ಹೊರಟಾಗ ಮಾತ್ರ ಆ ಪುಟದ ಪ್ರತಿ ತೆಗೆಯುತ್ತದೆ.

ಫೋರ್ಕ್ ಆದ ಮೇಲೆ ತಾಯಿ ಮೊದಲು ಓಡುವುದೋ ಮರಿ ಮೊದಲು ಓಡುವುದೋ ಎಂಬುದಕ್ಕೆ ಯಾವ ಭರವಸೆಯೂ ಇಲ್ಲ. ಅದು ಕರ್ನಲ್‌ನ ಷೆಡ್ಯೂಲರ್‌ಗೆ ಬಿಟ್ಟದ್ದು. ಒಂದೇ ಪ್ರೋಗ್ರಾಮನ್ನು ಪ್ರಯೋಗಾಲಯದ ಎರಡು ಕಂಪ್ಯೂಟರುಗಳಲ್ಲಿ ಓಡಿಸಿದಾಗ ಸಾಲುಗಳು ಹಿಂದುಮುಂದಾಗಿ ಮುದ್ರಣವಾಗುವುದು ಈ ಕಾರಣದಿಂದ. ಕ್ರಮ ಬೇಕಿದ್ದರೆ ಅದನ್ನು ಪ್ರೋಗ್ರಾಮು ಬರೆಯುವವರೇ ಒದಗಿಸಬೇಕು. ಅದಕ್ಕೆ ಅತಿ ಸರಳ ಉಪಾಯ ವೇಟ್.

ವೇಟ್ ಮಾಡುವ ಮೂರು ಕೆಲಸ

ತಾಯಿ ಪ್ರೊಸೆಸ್ ವೇಟ್ ಎಂದು ಕರೆದ ಕೂಡಲೇ ಕರ್ನಲ್ ಮೂರು ಸಾಧ್ಯತೆಗಳನ್ನು ಪರಿಶೀಲಿಸುತ್ತದೆ.

1. ಮರಿಗಳಿದ್ದು ಯಾವುದೂ ಇನ್ನೂ ಮುಗಿದಿಲ್ಲವಾದರೆ, ಒಂದು ಮುಗಿಯುವವರೆಗೆ ತಾಯಿಯನ್ನು ಮಲಗಿಸುತ್ತದೆ. ಈ ಅವಧಿಯಲ್ಲಿ ತಾಯಿ ಪ್ರೊಸೆಸ್ ಸಿಪಿಯು ಸಮಯವನ್ನು ವ್ಯಯ ಮಾಡುವುದಿಲ್ಲ.

2. ಮರಿಗಳಲ್ಲಿ ಒಂದು ಮೊದಲೇ ಮುಗಿದಿದ್ದರೆ, ಕಾಯಿಸದೆ ತಕ್ಷಣ ಅದರ ಪಿಐಡಿಯನ್ನು ಹಿಂದಿರುಗಿಸುತ್ತದೆ.

3. ಮರಿಗಳೇ ಇಲ್ಲದಿದ್ದರೆ -1 ಹಿಂದಿರುಗಿಸಿ, ದೋಷಸಂಖ್ಯೆಯಲ್ಲಿ ಇಚೈಲ್ಡ್ ಎಂದು ಸೂಚಿಸುತ್ತದೆ.

ಎರಡನೆಯ ಅಂಶ ಗಮನಾರ್ಹ. ಮರಿಯು ಬೇಗ ಮುಗಿದು, ತಾಯಿ ತಡವಾಗಿ ವೇಟ್ ಕರೆದರೂ ಸುದ್ದಿ ಕಳೆದುಹೋಗುವುದಿಲ್ಲ. ತಾಯಿ ಬಂದು ಕೇಳುವವರೆಗೆ ಕರ್ನಲ್ ಅದನ್ನು ಜೋಪಾನವಾಗಿ ಇಟ್ಟಿರುತ್ತದೆ. ಮುಂದೆ ವಿವರಿಸಲಾಗುವ ಜೋಂಬಿಯ ಮೂಲವೂ ಇದೇ ಜೋಪಾನ.

ವೇಟ್ ಒಂದು ಕರೆಗೆ ಒಂದೇ ಮರಿಯ ಲೆಕ್ಕ ತೀರಿಸುತ್ತದೆ. ಐದು ಮರಿಗಳನ್ನು ಹುಟ್ಟಿಸಿದ ತಾಯಿ ಐದು ಬಾರಿ ವೇಟ್ ಕರೆಯಬೇಕು. ಅವು ಹುಟ್ಟಿದ ಕ್ರಮದಲ್ಲಿ ಅಲ್ಲ, ಮುಗಿದಂತೆ ಕೈಗೆ ಸಿಗುತ್ತವೆ.

ಸ್ಟೇಟಸ್ ಸಂಖ್ಯೆಯನ್ನು ಓದುವ ಕ್ರಮ

ಮರಿ ಹೇಗೆ ಮುಗಿಯಿತು ಎಂಬ ವಿವರವನ್ನು ವೇಟ್ ಒಂದು ಪೂರ್ಣಾಂಕದಲ್ಲಿ ತುಂಬಿಕೊಡುತ್ತದೆ. ಇದನ್ನು ನೇರವಾಗಿ ಮುದ್ರಿಸಿ ನೋಡುವುದು ವಿದ್ಯಾರ್ಥಿಗಳ ಸಾಮಾನ್ಯ ತಪ್ಪು. ಮರಿಯು ಎಕ್ಸಿಟ್‌ಗೆ 3 ಎಂದು ಕೊಟ್ಟಿದ್ದರೆ ಲಿನಕ್ಸಿನಲ್ಲಿ ತಾಯಿಗೆ ಕಾಣುವ ಸಂಖ್ಯೆ 768. ಏಕೆಂದರೆ ಆ ಪೂರ್ಣಾಂಕದ ಬೇರೆ ಬೇರೆ ಬಿಟ್‌ಗಳಲ್ಲಿ ಬೇರೆ ಬೇರೆ ಮಾಹಿತಿ ಅಡಗಿದೆ. ಎಕ್ಸಿಟ್ ಬೆಲೆ ಇರುವುದು ಎರಡನೆಯ ಬೈಟಿನಲ್ಲಿ, ಅಂದರೆ 256ರಿಂದ ಗುಣಿಸಿದ ರೂಪದಲ್ಲಿ.

ಇದನ್ನು ಬಿಡಿಸಿ ಓದಲು ಮ್ಯಾಕ್ರೊಗಳಿವೆ. ಮರಿಯು ತಾನಾಗಿ ಸಹಜವಾಗಿ ಮುಗಿಯಿತೇ ಎಂದು ಕೇಳಲು ಡಬ್ಲ್ಯು-ಇಫ್-ಎಕ್ಸಿಟೆಡ್. ಹೌದಾದರೆ ಅದು ಕೊಟ್ಟ ಬೆಲೆಯನ್ನು ಪಡೆಯಲು ಡಬ್ಲ್ಯು-ಎಕ್ಸಿಟ್-ಸ್ಟೇಟಸ್. ಯಾವುದಾದರೂ ಸಿಗ್ನಲ್ ಅದನ್ನು ಕೊಂದಿತೇ ಎಂದು ಕೇಳಲು ಡಬ್ಲ್ಯು-ಇಫ್-ಸಿಗ್ನಲ್ಡ್. ಹೌದಾದರೆ ಆ ಸಿಗ್ನಲ್ಲಿನ ಸಂಖ್ಯೆಗೆ ಡಬ್ಲ್ಯು-ಟರ್ಮ್-ಸಿಗ್. ಮೊದಲು ಪ್ರಶ್ನೆ ಕೇಳಿ, ಉತ್ತರ ಹೌದೆಂದಾದ ಮೇಲೆಯೇ ಬೆಲೆಯನ್ನು ತೆಗೆಯಬೇಕು. ಸಿಗ್ನಲ್‌ನಿಂದ ಸತ್ತ ಮರಿಗೆ ಎಕ್ಸಿಟ್ ಬೆಲೆ ಎಂಬುದೇ ಇರುವುದಿಲ್ಲ.

ಇನ್ನೊಂದು ಮಿತಿಯೂ ಇದೆ. ವೇಟ್ ಮೂಲಕ ತಾಯಿಗೆ ತಲುಪುವುದು ಎಕ್ಸಿಟ್ ಬೆಲೆಯ ಕೊನೆಯ 8 ಬಿಟ್‌ಗಳು ಮಾತ್ರ. ಅಂದರೆ 0ಯಿಂದ 255ರವರೆಗಿನ ಸಂಖ್ಯೆ. ಮರಿಯು 256 ಎಂದು ಕೊಟ್ಟರೆ ತಾಯಿಗೆ ಸೊನ್ನೆ ಕಾಣುತ್ತದೆ. ಸೊನ್ನೆ ಎಂದರೆ ಯಶಸ್ಸು ಎಂಬುದು ಯುನಿಕ್ಸಿನ ಸಂಪ್ರದಾಯ. ಹೀಗೆ ದೋಷವೊಂದು ಯಶಸ್ಸಿನ ವೇಷದಲ್ಲಿ ದಾಟಿಹೋಗಬಲ್ಲದು. -1 ಎಂದು ಕೊಟ್ಟರೆ 255 ಆಗಿ ಕಾಣುತ್ತದೆ. ಒಂದು ಲೆಕ್ಕದ ಉತ್ತರವನ್ನೇ ಎಕ್ಸಿಟ್ ಬೆಲೆಯಾಗಿ ಕಳುಹಿಸುವ ಪ್ರೋಗ್ರಾಮುಗಳು ಸಣ್ಣ ಸಂಖ್ಯೆಗೆ ಸರಿಯಾಗಿ, ದೊಡ್ಡ ಸಂಖ್ಯೆಗೆ ತಪ್ಪಾಗಿ ಉತ್ತರಿಸುವುದು ಇದರಿಂದಲೇ. ಉತ್ತರ ಸಾಗಿಸಲು ಪೈಪ್‌ನಂತಹ ಬೇರೆ ದಾರಿ ಬಳಸಬೇಕು.

ಷೆಲ್‌ನಲ್ಲಿ ಕೆಲಸ ಮಾಡುವವರು ಕೆಲವೊಮ್ಮೆ 137 ಅಥವಾ 139 ಎಂಬ ಸಂಖ್ಯೆಗಳನ್ನು ಕಾಣುತ್ತಾರೆ. ಸಿಗ್ನಲ್ಲಿಗೆ ಬಲಿಯಾದ ಪ್ರೊಸೆಸಿಗೆ ಷೆಲ್ 128ನ್ನು ಕೂಡಿಸಿ ತೋರಿಸುತ್ತದೆ. 137 ಎಂದರೆ 9ನೇ ಸಿಗ್ನಲ್, ಅಂದರೆ ಬಲವಂತದ ಕಿಲ್. 139 ಎಂದರೆ 11ನೇ ಸಿಗ್ನಲ್, ಅಂದರೆ ತನ್ನದಲ್ಲದ ಮೆಮೊರಿಯನ್ನು ಮುಟ್ಟಿದ ಸೆಗ್ಮೆಂಟೇಷನ್ ದೋಷ. ಷೆಲ್‌ಗೆ ಈ ಮಾಹಿತಿ ದೊರೆಯುವುದೂ ವೇಟ್ ಕುಟುಂಬದ ಕರೆಗಳಿಂದಲೇ.

ವೇಟ್‌ಪಿಡ್: ಇಂಥದೇ ಮರಿಗೆ ಕಾಯುವುದು

ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಮಾಲೀಕನೊಬ್ಬ ಮೂರು ಮಗ್ಗಗಳಿಗೆ ನೂಲು ಕೊಟ್ಟು ಸೀರೆಗಾಗಿ ಕಾಯುತ್ತಾನೆ ಎಂದಿಟ್ಟುಕೊಳ್ಳಿ. ಯಾವ ಮಗ್ಗದಿಂದ ಸೀರೆ ಮೊದಲು ಇಳಿದರೂ ಸರಿ ಎಂದು ಕಾಯುವುದು ವೇಟ್. ಎರಡನೇ ಮಗ್ಗದ ಸೀರೆಯೇ ಬೇಕು ಎಂದು ಕಾಯುವುದು ವೇಟ್‌ಪಿಡ್. ಮಗ್ಗದ ಮನೆಗೆ ಒಮ್ಮೆ ಇಣುಕಿ, ಆಗಿದ್ದರೆ ತೆಗೆದುಕೊಂಡು, ಆಗಿಲ್ಲದಿದ್ದರೆ ನಿಲ್ಲದೆ ಬೇರೆ ಕೆಲಸಕ್ಕೆ ಹೋಗುವುದು ವೇಟ್‌ಪಿಡ್‌ನ ಇನ್ನೊಂದು ಬಗೆ.

ವೇಟ್‌ಪಿಡ್‌ಗೆ ಮೂರು ಮಾಹಿತಿಗಳನ್ನು ಕೊಡಬೇಕು: ಯಾರಿಗಾಗಿ ಕಾಯಬೇಕು, ಸ್ಟೇಟಸ್ ಎಲ್ಲಿ ತುಂಬಬೇಕು, ಮತ್ತು ಆಯ್ಕೆಗಳು. ಮೊದಲ ಸ್ಥಾನದಲ್ಲಿ ಸೊನ್ನೆಗಿಂತ ದೊಡ್ಡ ಸಂಖ್ಯೆ ಕೊಟ್ಟರೆ ಆ ಪಿಐಡಿಯ ಮರಿಗಾಗಿ ಮಾತ್ರ ಕಾಯುತ್ತದೆ. -1 ಕೊಟ್ಟರೆ ಯಾವ ಮರಿಯಾದರೂ ಸರಿ. ಸೊನ್ನೆ ಕೊಟ್ಟರೆ ತಾಯಿಯ ಪ್ರೊಸೆಸ್ ಗುಂಪಿಗೇ ಸೇರಿದ ಯಾವುದಾದರೂ ಮರಿ. -1ಕ್ಕಿಂತ ಕಡಿಮೆ ಸಂಖ್ಯೆ ಕೊಟ್ಟರೆ, ಋಣಚಿಹ್ನೆ ತೆಗೆದಾಗ ಉಳಿಯುವ ಸಂಖ್ಯೆಯ ಗುಂಪಿಗೆ ಸೇರಿದ ಮರಿ.

ಆಯ್ಕೆಗಳಲ್ಲಿ ಬಹಳ ಬಳಕೆಯಾಗುವುದು ಡಬ್ಲ್ಯು-ನೋ-ಹ್ಯಾಂಗ್. ಇದನ್ನು ಕೊಟ್ಟರೆ ತಾಯಿ ಮಲಗುವುದಿಲ್ಲ. ಮುಗಿದ ಮರಿ ಇದ್ದರೆ ಅದರ ಪಿಐಡಿ ಸಿಗುತ್ತದೆ. ಮರಿಗಳಿದ್ದೂ ಯಾವುದೂ ಮುಗಿದಿಲ್ಲದಿದ್ದರೆ ಸೊನ್ನೆ ಸಿಗುತ್ತದೆ. ಮರಿಗಳೇ ಇಲ್ಲದಿದ್ದರೆ -1. ಈ ಮೂರು ಉತ್ತರಗಳ ವ್ಯತ್ಯಾಸವನ್ನು ಗುರುತಿಸದ ಪ್ರೋಗ್ರಾಮು ಹಾದಿ ತಪ್ಪುವುದು ಖಚಿತ. ಡಬ್ಲ್ಯು-ಅನ್‌ಟ್ರೇಸ್ಡ್ ಎಂಬ ಇನ್ನೊಂದು ಆಯ್ಕೆಯು ಮುಗಿಯದೆ ತಾತ್ಕಾಲಿಕವಾಗಿ ನಿಂತ ಮರಿಗಳನ್ನೂ ತಿಳಿಸುತ್ತದೆ. ಷೆಲ್‌ನಲ್ಲಿ ಕಂಟ್ರೋಲ್ ಮತ್ತು ಜೆಡ್ ಕೀಲಿ ಒತ್ತಿ ಕೆಲಸವನ್ನು ನಿಲ್ಲಿಸಿದಾಗ ಷೆಲ್‌ಗೆ ಅದು ಗೊತ್ತಾಗುವುದು ಹೀಗೆ.

ಜೋಂಬಿ: ಪೌತಿ ಖಾತೆಯಾಗದ ಪಹಣಿ

ಮರಿ ಪ್ರೊಸೆಸ್ ಮುಗಿದೊಡನೆ ಕರ್ನಲ್ ಅದರ ಮೆಮೊರಿಯನ್ನು ಹಿಂಪಡೆಯುತ್ತದೆ, ತೆರೆದಿದ್ದ ಫೈಲುಗಳನ್ನು ಮುಚ್ಚುತ್ತದೆ. ಆದರೆ ಪ್ರೊಸೆಸ್ ಟೇಬಲ್‌ನಲ್ಲಿರುವ ಅದರ ಸಾಲನ್ನು ಮಾತ್ರ ಅಳಿಸುವುದಿಲ್ಲ. ಆ ಸಾಲಿನಲ್ಲಿ ಪಿಐಡಿ, ಮುಗಿದ ಬಗೆ, ಬಳಸಿದ ಸಿಪಿಯು ಸಮಯ ಇತ್ಯಾದಿ ಉಳಿದಿರುತ್ತವೆ. ತಾಯಿ ಬಂದು ವೇಟ್ ಮೂಲಕ ಓದಿದ ಮೇಲೆಯೇ ಸಾಲು ಅಳಿಯುವುದು. ಈ ನಡುವಿನ ಸ್ಥಿತಿಗೆ ಜೋಂಬಿ ಎಂದು ಹೆಸರು. ಪಿಎಸ್ ಆದೇಶದ ಪಟ್ಟಿಯಲ್ಲಿ ಇದರ ಸ್ಥಿತಿಯನ್ನು ಜೆಡ್ ಅಕ್ಷರದಿಂದಲೂ, ಡಿಫಂಕ್ಟ್ ಎಂಬ ಪದದಿಂದಲೂ ಸೂಚಿಸಲಾಗುತ್ತದೆ.

ಕರ್ನಾಟಕದ ಹಳ್ಳಿಗಳನ್ನು ಬಲ್ಲವರಿಗೆ ಇದು ಪರಿಚಿತ ಚಿತ್ರ. ಜಮೀನಿನ ಮಾಲೀಕ ತೀರಿಕೊಂಡು ವರ್ಷಗಳಾದರೂ ಪಹಣಿ ಅವರ ಹೆಸರಿನಲ್ಲಿಯೇ ಇರುತ್ತದೆ. ವಾರಸುದಾರರು ಅರ್ಜಿ ಕೊಟ್ಟು ಪೌತಿ ಖಾತೆ ಮಾಡಿಸುವವರೆಗೆ ದಾಖಲೆ ಕದಲುವುದಿಲ್ಲ. ವಾರಸಿನಿಂದ ಹಕ್ಕು ಪಡೆದವರು ಮೂರು ತಿಂಗಳೊಳಗೆ ವರದಿ ಮಾಡಬೇಕೆಂದು ಕರ್ನಾಟಕ ಭೂಕಂದಾಯ ಅಧಿನಿಯಮ, 1964 ಹೇಳುತ್ತದೆ. ಆದರೂ ಎಷ್ಟೋ ಪಹಣಿಗಳು ತಾತ, ಮುತ್ತಾತಂದಿರ ಹೆಸರಿನಲ್ಲೇ ಮುಂದುವರಿದಿವೆ. ಭೂಮಿ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಬಂದರೂ ಈ ಸಮಸ್ಯೆ ತಾನಾಗಿ ಬಗೆಹರಿಯಲಿಲ್ಲ. ದಾಖಲೆ ಕಂಪ್ಯೂಟರಿನಲ್ಲಿದ್ದ ಮಾತ್ರಕ್ಕೆ ಅದು ಸಾವನ್ನು ತಾನೇ ಅರಿಯುವುದಿಲ್ಲ. ದೇವನಹಳ್ಳಿ ಬಳಿ 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದ ನಂತರ ಜಮೀನಿನ ಬೆಲೆ ಏರಿದ ಊರುಗಳಲ್ಲಿ, ಪೌತಿ ಖಾತೆಯಾಗದ ಒಂದು ಪಹಣಿ ಕುಟುಂಬಕ್ಕೆ ಎಂಥ ತೊಡಕೆಂಬುದನ್ನು ವಿವರಿಸಬೇಕಾಗಿಲ್ಲ.

ಹೋಲಿಕೆಯಲ್ಲಿ ಒಂದು ವ್ಯತ್ಯಾಸವಿದೆ. ಹಳ್ಳಿಯಲ್ಲಿ ತಂದೆತಾಯಿಯ ಪೌತಿಯನ್ನು ಮಕ್ಕಳು ಮಾಡಿಸುತ್ತಾರೆ. ಯುನಿಕ್ಸಿನಲ್ಲಿ ಕ್ರಮ ತಲೆಕೆಳಗು. ಮರಿಯ ಲೆಕ್ಕವನ್ನು ತಾಯಿಯೇ ತೀರಿಸಬೇಕು.

ಜೋಂಬಿಗೆ ಕಿಲ್ ಆದೇಶ ಕೊಟ್ಟು ಪ್ರಯೋಜನವಿಲ್ಲ. 9ನೇ ಸಿಗ್ನಲ್ ಕಳುಹಿಸಿದರೂ ಅದು ಪಟ್ಟಿಯಿಂದ ಹೋಗುವುದಿಲ್ಲ, ಏಕೆಂದರೆ ಅದು ಈಗಾಗಲೇ ಸತ್ತಿದೆ. ಒಂದೆರಡು ಜೋಂಬಿಗಳಿಂದ ಕಂಪ್ಯೂಟರಿಗೆ ಹಾನಿ ಇಲ್ಲ. ಅವು ಮೆಮೊರಿಯನ್ನು ಹೆಚ್ಚಾಗಿ ಹಿಡಿದಿರುವುದಿಲ್ಲ. ಅಪಾಯ ಇರುವುದು ಸಂಖ್ಯೆಯಲ್ಲಿ. ಲಿನಕ್ಸಿನಲ್ಲಿ ಪಿಐಡಿಗಳ ಮಿತಿ ಬಹುಕಾಲ ವಾಡಿಕೆಯಾಗಿ 32,768 ಇತ್ತು. 64 ಬಿಟ್ ಯಂತ್ರಗಳಲ್ಲಿ ಅದನ್ನು 41,94,304ರವರೆಗೆ ಏರಿಸಬಹುದು. ಪ್ರತಿ ಕೋರಿಕೆಗೂ ಒಂದು ಮರಿಯನ್ನು ಹುಟ್ಟಿಸಿ, ಒಮ್ಮೆಯೂ ವೇಟ್ ಕರೆಯದ ಸರ್ವರನ್ನು ಊಹಿಸಿ. ನಿಮಿಷಕ್ಕೆ 20 ಕೋರಿಕೆ ಬಂದರೂ ಗಂಟೆಗೆ 1,200 ಜೋಂಬಿಗಳು. 32,768ರ ಮಿತಿ 28 ಗಂಟೆಯೊಳಗೆ ಮುಗಿಯುತ್ತದೆ. ಆ ಮೇಲೆ ಫೋರ್ಕ್ -1 ಹಿಂದಿರುಗಿಸುತ್ತದೆ. ಒಬ್ಬ ಬಳಕೆದಾರನಿಗೆ ನಿಗದಿಯಾದ ಮಿತಿ ಇನ್ನೂ ಕಡಿಮೆಯಿದ್ದರೆ ಅದಕ್ಕೂ ಮುಂಚೆಯೇ. ಮೆಮೊರಿ ಖಾಲಿ ಇದ್ದರೂ, ಸಿಪಿಯು ಬಿಡುವಾಗಿದ್ದರೂ ಹೊಸ ಆದೇಶವೊಂದೂ ಓಡದ ಸ್ಥಿತಿ ಇದು.

ಅನಾಥ ಮರಿಗಳಿಗೆ ಆಶ್ರಯ

ಮರಿ ಇನ್ನೂ ಓಡುತ್ತಿರುವಾಗಲೇ ತಾಯಿ ಮುಗಿದುಹೋದರೆ ಮರಿ ಅನಾಥವಾಗುತ್ತದೆ. ಅನಾಥ ಮತ್ತು ಜೋಂಬಿ ಬೇರೆ ಬೇರೆ ಎಂಬುದನ್ನು ಮೌಖಿಕ ಪರೀಕ್ಷೆಗೆ ಹೋಗುವವರು ನೆನಪಿಡಬೇಕು. ಅನಾಥಕ್ಕೆ ಜೀವವಿದೆ, ತಾಯಿಯಿಲ್ಲ. ಜೋಂಬಿಗೆ ತಾಯಿಯಿದ್ದಾಳೆ, ಜೀವವಿಲ್ಲ.

ಅನಾಥವನ್ನು ವಾಡಿಕೆಯಂತೆ 1ನೇ ಪಿಐಡಿಯ ಪ್ರೊಸೆಸ್ ದತ್ತು ಪಡೆಯುತ್ತದೆ. ಹಿಂದೆ ಇದು ಇನಿಟ್ ಎಂಬ ಪ್ರೋಗ್ರಾಮ್ ಆಗಿತ್ತು. ಇಂದಿನ ಹೆಚ್ಚಿನ ಲಿನಕ್ಸ್ ವಿತರಣೆಗಳಲ್ಲಿ ಸಿಸ್ಟಮ್‌ಡಿ. ದತ್ತು ತಾಯಿಯ ಕರ್ತವ್ಯ ಒಂದೇ: ಮುಗಿದ ಮರಿಗಳಿಗೆಲ್ಲ ತಪ್ಪದೆ ವೇಟ್ ಕರೆಯುವುದು. ಜೋಂಬಿಗಳನ್ನು ಬಿಟ್ಟುಹೋದ ತಾಯಿ ತಾನೇ ಮುಗಿದರೆ ಆ ಜೋಂಬಿಗಳೂ ಇದೇ ದತ್ತು ತಾಯಿಯ ಪಾಲಿಗೆ ಬಂದು ಕೂಡಲೇ ತೀರುತ್ತವೆ. ಆದ್ದರಿಂದಲೇ ಜೋಂಬಿಗಳನ್ನು ತೊಲಗಿಸಲು ಅವುಗಳ ತಾಯಿ ಪ್ರೊಸೆಸನ್ನು ನಿಲ್ಲಿಸುವುದು ವ್ಯವಸ್ಥಾಪಕರು ಅನುಸರಿಸುವ ದಾರಿ. 2012ರಲ್ಲಿ ಬಂದ ಲಿನಕ್ಸ್ 3.4 ಆವೃತ್ತಿಯಿಂದ, 1ನೇ ಪ್ರೊಸೆಸ್ ಅಲ್ಲದ ಬೇರೊಂದು ಪ್ರೊಸೆಸ್ ಕೂಡ ತನ್ನ ವಂಶದ ಅನಾಥಗಳಿಗೆ ದತ್ತು ತಾಯಿಯಾಗಲು ಕೋರಿಕೊಳ್ಳಬಹುದು.

ಕಾಯುತ್ತ ಕೂರಲಾಗದ ತಾಯಿ

ಸರ್ವರ್‌ನಂತಹ ಪ್ರೋಗ್ರಾಮು ವೇಟ್ ಕರೆದು ಮಲಗಲಾಗದು; ಅಷ್ಟರಲ್ಲಿ ಹೊಸ ಗ್ರಾಹಕರು ಬಾಗಿಲಲ್ಲಿ ನಿಂತಿರುತ್ತಾರೆ. ಇಂಥ ಸಂದರ್ಭಕ್ಕೆ ಸಿಗ್‌ಚೈಲ್ಡ್ ಎಂಬ ಸಿಗ್ನಲ್ ಇದೆ. ಮರಿ ಮುಗಿದಾಗ ಕರ್ನಲ್ ತಾಯಿಗೆ ಇದನ್ನು ಕಳುಹಿಸುತ್ತದೆ. ತಾಯಿಯು ಮೊದಲೇ ಒಂದು ಹ್ಯಾಂಡ್ಲರ್ ಫಂಕ್ಷನ್ ಗೊತ್ತುಮಾಡಿದ್ದರೆ, ಮಾಡುತ್ತಿದ್ದ ಕೆಲಸವನ್ನು ಅರೆಗಳಿಗೆ ಬಿಟ್ಟು ಆ ಫಂಕ್ಷನ್ ಓಡುತ್ತದೆ.

ಇಲ್ಲಿ ಮೂರು ಎಚ್ಚರಿಕೆಗಳು ಅಗತ್ಯ.

ಮೊದಲನೆಯದಾಗಿ, ಈ ಸಿಗ್ನಲ್ಲುಗಳು ಸಾಲುಗಟ್ಟಿ ನಿಲ್ಲುವುದಿಲ್ಲ. ಹ್ಯಾಂಡ್ಲರ್ ಓಡುತ್ತಿರುವಾಗ ಇನ್ನು ಮೂರು ಮರಿಗಳು ಮುಗಿದರೂ ತಾಯಿಗೆ ಮುಂದೆ ಒಂದೇ ಸಿಗ್ನಲ್ ತಲುಪಬಹುದು. ಒಂದು ಸಿಗ್ನಲ್ಲಿಗೆ ಒಂದು ವೇಟ್ ಎಂದು ಬರೆದರೆ ಎರಡು ಜೋಂಬಿಗಳು ಉಳಿಯುತ್ತವೆ. ಹ್ಯಾಂಡ್ಲರ್ ಒಳಗೆ -1 ಮತ್ತು ಡಬ್ಲ್ಯು-ನೋ-ಹ್ಯಾಂಗ್ ಕೊಟ್ಟು, ವೇಟ್‌ಪಿಡ್ ಸೊನ್ನೆಗಿಂತ ದೊಡ್ಡ ಸಂಖ್ಯೆ ಕೊಡುತ್ತಿರುವಷ್ಟು ಕಾಲವೂ ಲೂಪ್‌ನಲ್ಲಿ ಕರೆಯುವುದೇ ಸರಿಯಾದ ಕ್ರಮ.

ಎರಡನೆಯದಾಗಿ, ಸಿಗ್ನಲ್ ಬಂದಾಗ ತಾಯಿಯು ಬೇರೊಂದು ಕರೆಯಲ್ಲಿ ಮಲಗಿದ್ದರೆ ಆ ಕರೆ ಅರ್ಧಕ್ಕೆ ನಿಂತು, ಅಡಚಣೆಯಾಯಿತು ಎಂಬ ಅರ್ಥದ ಇಂಟರ್ ಎಂಬ ದೋಷಸೂಚನೆ ಕೊಡಬಹುದು. ಇದನ್ನು ನಿಜವಾದ ದೋಷವೆಂದು ಭಾವಿಸದೆ ಕರೆಯನ್ನು ಮತ್ತೆ ಮಾಡಬೇಕು; ಅಥವಾ ಹ್ಯಾಂಡ್ಲರ್ ಗೊತ್ತುಮಾಡುವಾಗಲೇ ಕರೆಗಳು ತಾವಾಗಿ ಮುಂದುವರಿಯುವಂತೆ ಕೋರಬೇಕು.

ಮೂರನೆಯದಾಗಿ, ಹ್ಯಾಂಡ್ಲರ್ ಒಳಗಿನ ವೇಟ್‌ಪಿಡ್ ದೋಷಸಂಖ್ಯೆಯನ್ನು ಬದಲಿಸಬಹುದು. ಆದಕಾರಣ ಒಳಬರುವಾಗ ಹಳೆಯ ಬೆಲೆಯನ್ನು ಕಾಪಿಟ್ಟು ಹೊರಹೋಗುವಾಗ ಮರಳಿ ಇಡಬೇಕು.

ಮರಿಗಳ ಫಲಿತಾಂಶವೇ ಬೇಡವಾದರೆ ಇನ್ನೂ ಸರಳ ಮಾರ್ಗವಿದೆ. ಸಿಗ್‌ಚೈಲ್ಡ್ ಅನ್ನು ಕಡೆಗಣಿಸುವುದಾಗಿ ತಾಯಿಯು ಸ್ಪಷ್ಟವಾಗಿ ತಿಳಿಸಿದರೆ ಮರಿಗಳು ಜೋಂಬಿಯಾಗುವುದಿಲ್ಲ ಎಂದು ಪೋಸಿಕ್ಸ್ ಮಾನದಂಡದ 2001ರ ಆವೃತ್ತಿ ಹೇಳುತ್ತದೆ. ಏನೂ ಹೇಳದೆ ಸುಮ್ಮನಿದ್ದರೆ ಮಾತ್ರ ಈ ಸೌಲಭ್ಯ ದೊರೆಯದು.

ಎರಡು ಬಾರಿ ಫೋರ್ಕ್ ಮಾಡುವ ಉಪಾಯ

ಡಬ್ಲ್ಯು. ರಿಚರ್ಡ್ ಸ್ಟೀವನ್ಸ್ ಅವರು 1992ರಲ್ಲಿ ಪ್ರಕಟಿಸಿದ ಯುನಿಕ್ಸ್ ಪ್ರೋಗ್ರಾಮಿಂಗ್ ಗ್ರಂಥದಲ್ಲಿ ವಿವರಿಸಿರುವ ಈ ಉಪಾಯವೇ ವಿಟಿಯು ಪ್ರಯೋಗದ ವಸ್ತುವೂ ಆಗಿತ್ತು. ಅದರ ಹಂತಗಳು ಹೀಗಿವೆ.

1. ತಾಯಿ ಫೋರ್ಕ್ ಮಾಡಿ ಮೊದಲ ಮರಿಯನ್ನು ಹುಟ್ಟಿಸುತ್ತದೆ.

2. ಮೊದಲ ಮರಿ ಮತ್ತೆ ಫೋರ್ಕ್ ಮಾಡಿ ಮೊಮ್ಮರಿಯನ್ನು ಹುಟ್ಟಿಸಿ, ತಾನು ಕೂಡಲೇ ಮುಗಿಯುತ್ತದೆ.

3. ತಾಯಿ ಮೊದಲ ಮರಿಗಾಗಿ ವೇಟ್‌ಪಿಡ್ ಕರೆಯುತ್ತದೆ. ಅದು ಬೇಗನೆ ಮುಗಿಯುವುದರಿಂದ ಕಾಯುವ ಸಮಯ ಅತ್ಯಲ್ಪ.

4. ಅನಾಥವಾದ ಮೊಮ್ಮರಿಯನ್ನು ದತ್ತು ತಾಯಿ ಪಡೆಯುತ್ತದೆ. ನಿಜವಾದ ಕೆಲಸವನ್ನು ಮೊಮ್ಮರಿ ಮಾಡುತ್ತದೆ. ಮುಗಿದಾಗ ಅದರ ಲೆಕ್ಕವನ್ನು ದತ್ತು ತಾಯಿಯೇ ತೀರಿಸುತ್ತದೆ.

ಹೀಗೆ ತಾಯಿಗೆ ಕಾಯುವ ಹೊರೆಯೂ ಇಲ್ಲ, ಜೋಂಬಿಯ ಭಯವೂ ಇಲ್ಲ. ಆದರೆ ಮೊಮ್ಮರಿಯ ಫಲಿತಾಂಶ ಮೂಲ ತಾಯಿಗೆ ಎಂದೂ ತಲುಪದು. ಫಲಿತಾಂಶ ಬೇಕಾದಲ್ಲಿ ಈ ಉಪಾಯ ಹೊಂದುವುದಿಲ್ಲ.

ವೇಟ್ ಬಂದ ಬಗೆ

ಯುನಿಕ್ಸ್ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಅವರಿಂದ ಪಿಡಿಪಿ-7 ಯಂತ್ರದ ಮೇಲೆ ಆರಂಭವಾಯಿತು. ಅವರ ಸಹೋದ್ಯೋಗಿ ಡೆನ್ನಿಸ್ ರಿಚಿ ಸಿ ಭಾಷೆಯನ್ನು ರೂಪಿಸಿದರು. 1973ರಲ್ಲಿ ಯುನಿಕ್ಸ್ ಕರ್ನಲ್ ಸಿ ಭಾಷೆಯಲ್ಲಿ ಮರುರಚನೆಯಾಯಿತು. ಇಬ್ಬರಿಗೂ 1983ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸಂದಿತು. ರಿಚಿ 2011ರ ಅಕ್ಟೋಬರ್‌ನಲ್ಲಿ ನಿಧನರಾದರು.

ಪಿಡಿಪಿ-7ರ ಫೋರ್ಕ್ ಕೇವಲ 27 ಸಾಲುಗಳ ಅಸೆಂಬ್ಲಿ ಭಾಷೆಯಲ್ಲಿ ಮುಗಿದಿತ್ತೆಂದು ರಿಚಿ ದಾಖಲಿಸಿದ್ದಾರೆ. ಆಗ ವೇಟ್ ಎಂಬ ಪ್ರತ್ಯೇಕ ಕರೆ ಇರಲಿಲ್ಲ. ಪ್ರೊಸೆಸುಗಳ ನಡುವೆ ಸಂದೇಶ ಕಳುಹಿಸುವ, ಸ್ವೀಕರಿಸುವ ಎರಡು ಕರೆಗಳಿದ್ದವು. ಷೆಲ್ ತನ್ನ ಮರಿಗೆ ಒಂದು ಸಂದೇಶ ಕಳುಹಿಸಿ ಕಾಯುತ್ತಿತ್ತು. ಮರಿ ಅದನ್ನು ಓದುತ್ತಲೇ ಇರಲಿಲ್ಲ. ಮರಿ ಮುಗಿದಾಗ, ಅಂಥ ಪ್ರೊಸೆಸ್ ಇಲ್ಲ ಎಂಬ ದೋಷಸೂಚನೆ ಷೆಲ್‌ಗೆ ಬರುತ್ತಿತ್ತು. ಆ ದೋಷವೇ ಕೆಲಸ ಮುಗಿದ ಸುದ್ದಿ! ಮುಂದೆ ಈ ಏರ್ಪಾಡಿನ ಬದಲಿಗೆ ವೇಟ್ ಬಂತು. 1971ರ ನವೆಂಬರ್‌ನ ಮೊದಲ ಯುನಿಕ್ಸ್ ಕೈಪಿಡಿಯಲ್ಲಿಯೇ ಅದಕ್ಕೆ ಸ್ಥಾನವಿದೆ. 1988ರ ಪೋಸಿಕ್ಸ್ ಮಾನದಂಡ ವೇಟ್‌ಪಿಡ್ ಅನ್ನು ಸೇರಿಸಿಕೊಂಡಿತು. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇದೇ ಪರಂಪರೆಯನ್ನು ಮುಂದುವರಿಸಿತು.

ಪ್ರಯೋಗಾಲಯದಲ್ಲಿ ಕಾಣುವ ತಪ್ಪುಗಳು

ಲೂಪ್‌ನೊಳಗಿನ ಫೋರ್ಕ್: ಮೂರು ಬಾರಿ ಸುತ್ತುವ ಲೂಪ್‌ನಲ್ಲಿ ಫೋರ್ಕ್ ಇಟ್ಟರೆ ಮೂರು ಮರಿಗಳಾಗುತ್ತವೆ ಎಂದು ಹಲವರು ಎಣಿಸುತ್ತಾರೆ. ಮರಿಗಳೂ ಅದೇ ಲೂಪನ್ನು ಮುಂದುವರಿಸುವುದರಿಂದ ಒಟ್ಟು 8 ಪ್ರೊಸೆಸುಗಳಾಗುತ್ತವೆ. ಮರಿಯ ಭಾಗದ ಕೊನೆಯಲ್ಲಿ ಎಕ್ಸಿಟ್ ಇಡುವುದನ್ನು ಮರೆಯಬಾರದು.

ಎರಡು ಬಾರಿ ಮುದ್ರಣವಾಗುವ ಸಾಲು: ಫೋರ್ಕ್‌ಗೆ ಮೊದಲು ಪ್ರಿಂಟ್‌ಎಫ್ ಬರೆದ ಸಾಲು ಬಫರ್‌ನಲ್ಲೇ ಉಳಿದಿದ್ದರೆ ಆ ಬಫರ್‌ನ ಪ್ರತಿಯೂ ಮರಿಗೆ ಹೋಗುತ್ತದೆ. ಫಲಿತಾಂಶವನ್ನು ಫೈಲಿಗೆ ತಿರುಗಿಸಿದಾಗ ಒಂದೇ ಸಾಲು ಎರಡು ಬಾರಿ ಕಾಣುವುದು ಇದರಿಂದ. ಫೋರ್ಕ್‌ಗೆ ಮೊದಲು ಎಫ್‌ಫ್ಲಷ್ ಕರೆಯುವುದು ಪರಿಹಾರ.

ಪೈಪ್‌ನಲ್ಲಿ ಸಿಲುಕುವುದು: ಮರಿ ಪೈಪ್ ಮೂಲಕ ಮಾಹಿತಿ ಕಳುಹಿಸುವಾಗ, ತಾಯಿ ಅದನ್ನು ಓದುವ ಮೊದಲೇ ವೇಟ್ ಕರೆದರೆ ಎರಡೂ ಸಿಕ್ಕಿಬೀಳಬಹುದು. ಲಿನಕ್ಸಿನಲ್ಲಿ ಪೈಪ್ ಸಾಮಾನ್ಯವಾಗಿ 65,536 ಬೈಟ್ ಹಿಡಿಯುತ್ತದೆ. ಅದು ತುಂಬಿದಾಗ ಮರಿ ನಿಲ್ಲುತ್ತದೆ. ಮರಿ ಮುಗಿಯಲೆಂದು ತಾಯಿ ಕಾಯುತ್ತದೆ. ಮೊದಲು ಓದು, ಆಮೇಲೆ ವೇಟ್ ಎಂಬುದೇ ನಿಯಮ. ಕಡಿಮೆ ಮಾಹಿತಿಯಿಂದ ಪರೀಕ್ಷಿಸಿದಾಗ ಈ ತಪ್ಪು ಬಯಲಿಗೆ ಬರುವುದಿಲ್ಲ ಎಂಬುದು ಇದರ ಕೆಡುಕು.

ಸ್ಲೀಪ್ ಬಳಸಿ ಕಾಯುವುದು: ಮರಿ ಎರಡು ಸೆಕೆಂಡಿನಲ್ಲಿ ಮುಗಿಯುತ್ತದೆ ಎಂದು ತಾಯಿಯನ್ನು ಮೂರು ಸೆಕೆಂಡು ಮಲಗಿಸುವುದು ಕಾಯುವುದಲ್ಲ, ಊಹಿಸುವುದು. ಯಂತ್ರದ ಮೇಲೆ ಒತ್ತಡ ಹೆಚ್ಚಿದ ದಿನ ಊಹೆ ಸುಳ್ಳಾಗುತ್ತದೆ. ಜೋಂಬಿಯನ್ನು ತೋರಿಸುವ ಪ್ರಯೋಗದಲ್ಲಿ ಮಾತ್ರ ಸ್ಲೀಪ್‌ಗೆ ಸ್ಥಾನವಿದೆ.

ವಿಂಡೋಸ್‌ನಲ್ಲಿ ಪ್ರಯತ್ನ: ಟರ್ಬೊ ಸಿ ಮೇಲೆ ಅಭ್ಯಾಸ ಮಾಡಿದವರಿಗೆ ಫೋರ್ಕ್ ದೊರೆಯುವುದಿಲ್ಲ. ವಿಂಡೋಸ್‌ನ ವಿಧಾನವೇ ಬೇರೆ. ಮನೆಯಲ್ಲಿ ಅಭ್ಯಾಸ ಮಾಡಲು ಲಿನಕ್ಸ್ ಅನ್ನು, ಅಥವಾ ವಿಂಡೋಸ್‌ಗೆ 2016ರಿಂದ ಲಭ್ಯವಾದ ಲಿನಕ್ಸ್ ಉಪವ್ಯವಸ್ಥೆಯನ್ನು ಬಳಸಬೇಕು.

ಕಂಟೇನರ್ ಯುಗದಲ್ಲಿ ಹಳೆಯ ಸಮಸ್ಯೆ

ಸರ್ವರುಗಳ ಜಗತ್ತು ಡಾಕರ್‌ನಂತಹ ಕಂಟೇನರುಗಳತ್ತ ಹೊರಳಿದ ಮೇಲೆ ವೇಟ್ ಮತ್ತೆ ಚರ್ಚೆಗೆ ಬಂದಿದೆ. ಕಂಟೇನರ್ ಒಳಗೆ ಓಡುವ ಮೊದಲ ಪ್ರೊಸೆಸಿಗೆ ಅಲ್ಲಿ 1ನೇ ಪಿಐಡಿ ಸಿಗುತ್ತದೆ. ಅಂದರೆ ಒಳಗಿನ ಅನಾಥಗಳೆಲ್ಲ ಅದರ ಪಾಲಿಗೆ ಬರುತ್ತವೆ. ಆದರೆ ಅದು ಇನಿಟ್ ಅಲ್ಲ; ಯಾರೋ ಬರೆದ ಸಾಮಾನ್ಯ ಪ್ರೋಗ್ರಾಮು. ಪರರ ಮರಿಗಳಿಗೆ ವೇಟ್ ಕರೆಯಬೇಕೆಂಬ ಅರಿವು ಅದಕ್ಕಿಲ್ಲದಿದ್ದರೆ ಜೋಂಬಿಗಳು ಸದ್ದಿಲ್ಲದೆ ಹೆಚ್ಚುತ್ತವೆ. ಇದಕ್ಕಾಗಿಯೇ ಟಿನಿ ಎಂಬ ಪುಟ್ಟ ಇನಿಟ್ ಪ್ರೋಗ್ರಾಮು ಬಳಕೆಗೆ ಬಂತು, 2017ರ 1.13 ಆವೃತ್ತಿಯಿಂದ ಡಾಕರ್ ಕೂಡ ಇಂತಹ ಇನಿಟ್ ಅನ್ನು ಸೇರಿಸಿಕೊಳ್ಳುವ ಆಯ್ಕೆ ನೀಡಿತು.

ಪಿಐಡಿಗಳ ಮರುಬಳಕೆಯಿಂದ ಉಂಟಾಗುವ ಗೊಂದಲಕ್ಕೂ ಲಿನಕ್ಸ್ ಪರಿಹಾರ ಕಂಡುಕೊಂಡಿದೆ. ಲೆಕ್ಕ ತೀರಿದ ಪ್ರೊಸೆಸಿನ ಪಿಐಡಿ ಮುಂದೆ ಬೇರೊಂದಕ್ಕೆ ಸಿಗಬಹುದು. ಹಳೆಯ ಸಂಖ್ಯೆಯನ್ನು ನಂಬಿ ಸಿಗ್ನಲ್ ಕಳುಹಿಸಿದರೆ ಅದು ಸಂಬಂಧವಿಲ್ಲದ ಪ್ರೊಸೆಸಿಗೆ ತಾಗೀತು. 2019ರ 5.3 ಆವೃತ್ತಿಯಲ್ಲಿ ಪ್ರೊಸೆಸನ್ನು ಫೈಲಿನಂತೆ ತೆರೆದು ಹಿಡಿದಿಡುವ ಪಿಡ್‌ಎಫ್‌ಡಿ ಓಪನ್ ಎಂಬ ಕರೆ ಬಂತು, 5.4 ಆವೃತ್ತಿಯಲ್ಲಿ ಆ ಹಿಡಿಕೆಯ ಮೂಲಕವೇ ಮರಿಗಾಗಿ ಕಾಯುವ ಸೌಲಭ್ಯ ಸೇರಿತು. ತಾಯಿ ತಾನಾಗಿ ವೇಟ್ ಕರೆಯುವವರೆಗೆ ಮುಗಿದ ಮರಿಯ ಪಿಐಡಿಯನ್ನು ಬೇರಾರಿಗೂ ಕೊಡಲಾಗದು ಎಂಬುದನ್ನೂ ಇಲ್ಲಿ ಗಮನಿಸಬೇಕು. ಆ ಅರ್ಥದಲ್ಲಿ ಜೋಂಬಿ ಒಂದು ಕಾಯ್ದಿಟ್ಟ ಸ್ಥಾನವೇ ಹೊರತು ಕೇವಲ ಕಸವಲ್ಲ.

ಮೂಲ ನಿಯಮ ಮಾತ್ರ ಅರ್ಧ ಶತಮಾನದಿಂದ ಬದಲಾಗಿಲ್ಲ. ಎಷ್ಟು ಫೋರ್ಕ್ ಯಶಸ್ವಿಯಾಯಿತೋ ಅಷ್ಟು ಮರಿಗಳ ಲೆಕ್ಕ ತೀರಬೇಕು. ಅದನ್ನು ತಾಯಿ ವೇಟ್ ಮೂಲಕ ತೀರಿಸಬಹುದು, ಬೇಡವೆಂದು ಮೊದಲೇ ತಿಳಿಸಬಹುದು, ಅಥವಾ ದತ್ತು ತಾಯಿಗೆ ಒಪ್ಪಿಸಬಹುದು. ಪ್ರೋಗ್ರಾಮಿನಲ್ಲಿ ಫೋರ್ಕ್ ಎಂದು ಬರೆಯುವಾಗಲೇ ಈ ಮೂರರಲ್ಲಿ ಯಾವುದು ಎಂದು ನಿರ್ಧರಿಸಿಕೊಂಡರೆ, ತಿಂಗಳುಗಟ್ಟಲೆ ಓಡುವ ಸರ್ವರಿನಲ್ಲೂ ಪಿಎಸ್ ಪಟ್ಟಿ ಸ್ವಚ್ಛವಾಗಿ ಉಳಿಯುತ್ತದೆ.